ಅಣಬೆ ಸೊಪ್ಪೋ ಬಾಡೋ

ಮೊನ್ನೆ ಮೊಮ್ಮಗಳು ಅಂಗಡಿಯಿಂದ ಅಣಬೆ ತಂದಳು. ಪ್ಲಾಸ್ಟಿಕ್ ಡಬ್ಬಿಯೊಳಗೆ ಬೆಳ್ಳಗೆ, ಒಂದರಂತೆ ಇನ್ನೊಂದು, ಅಂಗಿಯ ಗುಂಡಿಗಳ ಹಾಗೆ ಸಾಲಾಗಿ ಕೂತಿದ್ದವು. ಡಬ್ಬಿಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ. ಅದೇನೆಂದು ಕೇಳಿದೆ. "ಸಸ್ಯಾಹಾರ ಅಂತ ಗುರುತು ತಾತ. ಮಾಂಸ ಆದ್ರೆ ಬೇರೆ ಬಣ್ಣ" ಎಂದಳು. ಇಷ್ಟು ಖಂಡಿತವಾಗಿ ಹೇಳಿದವರು ಯಾರು ಎಂದೆ. "ಸರ್ಕಾರ" ಎಂದಳು. ಸರ್ಕಾರ ಹೇಳಿದ ಮೇಲೆ ಮುಗಿಯಿತು. ಆದರೂ ನಾನು ಕನ್ನಡಕ ಏರಿಸಿ ಆ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದೆ. ಅವಳಿಗೆ ನಗು. ಎಂಬತ್ತು ದಾಟಿದ ಮುದುಕನಿಗೆ ಅಣಬೆಯ ಮೇಲೆ ಇಷ್ಟೊಂದು ಅನುಮಾನ ಯಾಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಈ ಚುಕ್ಕೆ ಆಗಲೇ ಇದ್ದಿದ್ದರೆ ನನಗೊಂದು ದೊಡ್ಡ ತಲೆನೋವು ತಪ್ಪುತ್ತಿತ್ತು. ತಪ್ಪುತ್ತಿತ್ತೆ? ಅದನ್ನೂ ಖಂಡಿತವಾಗಿ ಹೇಳಲಾರೆ.

ಖಂಡಿತವಾಗಿ ಹೇಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಹೀಗಿದ್ದೂ ಖಂಡಿತವಾಗಿ ಹೇಳುವುದೇ ಕಸುಬಾದ ಮೇಷ್ಟರ ಕೆಲಸದಲ್ಲಿ ಆಯುಷ್ಯ ಕಳೆದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮೈಸೂರಿನ ಕಾಲೇಜಿನಿಂದ ಆಗತಾನೆ ಹೊರಬಿದ್ದ ನಾನು ಮಳವಳ್ಳಿಯ ಒಂದು ಶಾಲೆಗೆ ವಿಜ್ಞಾನದ ಮೇಷ್ಟರಾಗಿ ಸೇರಿಕೊಂಡೆ. ಮೊದಲನೆಯ ವಾರವೇ ಕರಿಹಲಗೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದು, ಎಡಕ್ಕೆ ಸಸ್ಯ, ಬಲಕ್ಕೆ ಪ್ರಾಣಿ ಎಂದು ಬರೆದು, ಜೀವ ಇರುವುದೆಲ್ಲ ಈ ಎರಡರಲ್ಲೊಂದು ಎಂದು ಗತ್ತಿನಿಂದ ಸಾರಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಕಲ್ಲುಹೂವು ಯಾವ ಕಡೀಕೆ ಸಾ?" ಎಂದ. ಬಾಡಿನ, ಅಂದರೆ ಮಾಂಸದ, ಮಸಾಲೆಗೆ ಒಂದು ಚಿಟಿಕೆ ಹಾಕುತ್ತಾರಲ್ಲ, ಬಂಡೆಯ ಮೇಲೆ ಬೂದುಬಣ್ಣಕ್ಕೆ ಹಪ್ಪಳದಂತೆ ಎದ್ದಿರುತ್ತದಲ್ಲ, ಅದು. ಎಡಕ್ಕೆ ಎಂದೆ. ಮನೆಗೆ ಬಂದು ಪುಸ್ತಕ ತೆಗೆದರೆ, ಅದು ಒಂದು ಜೀವವೇ ಅಲ್ಲವಂತೆ, ಪಾಚಿ ಮತ್ತು ಬೂಷ್ಟು ಎರಡೂ ಒಂದನ್ನೊಂದು ತಬ್ಬಿಕೊಂಡು ಒಂದೇ ಹೆಸರಿನಲ್ಲಿ ಸಂಸಾರ ಮಾಡುತ್ತಿವೆಯಂತೆ. ಮಾರನೆಯ ದಿನ ಅದನ್ನು ತರಗತಿಯಲ್ಲಿ ಹೇಳಲಿಲ್ಲ. ಹೇಳಿದರೆ ಗೆರೆ ಅಳಿಸಬೇಕಾಗುತ್ತಿತ್ತು.

ಕಾಲೇಜಿನಲ್ಲೂ ನನಗೆ ಇದೇ ಗತಿಯಾಗಿತ್ತು. ಕೆರೆಯ ನೀರಿನ ಹನಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಯೂಗ್ಲೀನಾ ಎಂಬ ಒಂದು ಹಸಿರು ಜೀವಿ ಇದೆ. ಬಿಸಿಲು ಇದ್ದರೆ ಗಿಡದಂತೆ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ. ಬಿಸಿಲಿಲ್ಲದಿದ್ದರೆ ನೀರಿನಲ್ಲಿ ಸಿಕ್ಕಿದ್ದನ್ನು ಹೀರಿ ಬದುಕುತ್ತದೆ, ಬಾಲ ಬಡಿದು ಈಜುತ್ತದೆ. ಸಸ್ಯಶಾಸ್ತ್ರದವರು ಅದು ತಮ್ಮದೆಂದು ಪಾಠ ಮಾಡುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ಪ್ರಾಣಿಶಾಸ್ತ್ರದವರು ತಮ್ಮದೆಂದು ಮಾಡುತ್ತಿದ್ದರು. ನಾನು ಸಸ್ಯಶಾಸ್ತ್ರದ ಪರೀಕ್ಷೆಯಲ್ಲಿ ಅದನ್ನು ಪ್ರಾಣಿಯೆಂದೂ ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ಸಸ್ಯವೆಂದೂ ಬರೆದು ಎರಡು ಕಡೆಯೂ ಬೈಸಿಕೊಂಡೆ.

ನಮ್ಮ ಸಿದ್ದನಿಗೆ ಇಂಥ ತಾಪತ್ರಯ ಇರಲಿಲ್ಲ. ಸಿದ್ದ ನನ್ನ ದೊಡ್ಡವ್ವನ ಮಗ, ನನಗಿಂತ ಮೂರು ವರ್ಷ ದೊಡ್ಡವನು. ನನ್ನ ಅವ್ವ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡದ್ದರಿಂದ ನಾನು ಬೆಳೆದದ್ದು ದೊಡ್ಡವ್ವನ ಮಡಿಲಲ್ಲಿ, ಮಳವಳ್ಳಿಯಿಂದ ಶಿವನಸಮುದ್ರದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಶಿವನಸಮುದ್ರದ ಬ್ಲಫಿನ ವಿದ್ಯುತ್ ಸ್ಥಾವರದಿಂದ ಹೊರಟ ಕರೆಂಟಿನ ತಂತಿ ನಮ್ಮ ತಲೆಯ ಮೇಲೇ ಗುಂಯ್‌ಗುಡುತ್ತ ಹೋಗುತ್ತಿತ್ತು, ಮನೆಯೊಳಗೆ ಮಾತ್ರ ಹರಳೆಣ್ಣೆ ದೀಪ. ಒಂದು ದಿನ ಬೇಲಿಯ ಬುಡದಲ್ಲಿ ಹಾವುರಾಣಿ ಕಂಡಿತು. ಮಿರಮಿರ ಮಿಂಚುವ ಮೈ, ಹಾವಿನ ನಡಿಗೆ, ಆದರೆ ಹೊಟ್ಟೆಯ ಕೆಳಗೆ ಪುಟ್ಟ ಪುಟ್ಟ ಕಾಲು. ಅದು ಹಾವೋ ಹಲ್ಲಿಯೋ ಎಂದು ನಾನು ಅರ್ಧ ದಿನ ತಲೆ ಕೆಡಿಸಿಕೊಂಡೆ. ಸಿದ್ದ ಹೇಳಿದ: "ಪರಪಂಚದಾಗೆ ಇರಾದು ಎಲ್ಡೇ ಜಾತಿ ಕಣ್ಲಾ. ತಿನ್ನಾವು, ತಿನ್ನಬಾರ್ದವು. ಇದು ತಿನ್ನಬಾರ್ದದ್ದು. ಬುಡು, ಬಾ." ನಾನು ಆಮೇಲೆ ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸಲೀಸಾದ ವಿಂಗಡಣೆ ಸಿಕ್ಕಲಿಲ್ಲ.

ಸಿದ್ದ ಮಳವಳ್ಳಿಯ ಬಸ್ಸಿನ ಷೆಡ್ಡಿನಲ್ಲಿ ಖಾದರ್ ಸಾಬರ ಕೈಕೆಳಗೆ ಲಾರಿ ಓಡಿಸುವುದು ಕಲಿತ. ಮದುವೆಯಾಗಿ ವರ್ಷ ತುಂಬುವ ಮೊದಲೇ ಮಿಲಿಟರಿಗೆ ಡ್ರೈವರಾಗಿ ಸೇರಿ ಬರ್ಮಾದ ಕಡೆಗೆ ಹೊರಟುಹೋದ. ದೊಡ್ಡವ್ವ ಅತ್ತಳು, ಬೈದಳು, ಕೊನೆಗೆ ಊರ ಮಾರಮ್ಮನ ಮುಂದೆ ನಿಂತು ಹರಕೆ ಹೊತ್ತಳು: ಮಗ ಹೊಸಲು ತುಳಿಯುವ ತನಕ ಬಾಡು ಮುಟ್ಟುವುದಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಇದರ ತೂಕ ಗೊತ್ತಾಗುವುದು ಕಷ್ಟ. ದೊಡ್ಡವ್ವ ಬಾಡಿಲ್ಲದ ವಾರವನ್ನು ಜ್ವರ ಬಂದ ವಾರವೆಂದು ತಿಳಿಯುತ್ತಿದ್ದವಳು. ಕುರಿ ಕಡಿಸಿಕೊಳ್ಳುವ ದೇವರಿಗೆ ಬಾಡು ಬಿಡುವ ಹರಕೆ ಯಾಕೆ ಎಂದು ನಾನು ಕೇಳಿದ್ದಕ್ಕೆ, "ನನ್ ಪಾಲೂ ಅವ್ಳೇ ತಿನ್ಲಿ ಅಂತ ಕಣ್ಲಾ. ಒಟ್ಟೆ ತುಂಬಿದ್ರೆ ನನ್ ಮಗುನ್ ತಂಟೆಗೆ ಬರಾಕಿಲ್ಲ" ಎಂದಳು.  ಹರಕೆ ಮುಗಿಯುವುದಕ್ಕೆ ಇದ್ದದ್ದು ಎರಡೇ ದಾರಿ. ಮಗ ಬಂದರೆ ಬಾಡು. ಇಲ್ಲವೇ, ಅವನು ಇನ್ನು ಬರುವುದಿಲ್ಲವೆಂದು ಅವಳೇ ಒಪ್ಪಿದ ದಿನ ಬಾಡು. ಎರಡನೆಯದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಮೂರು ವರ್ಷ ಕಳೆಯಿತು. ಸಿದ್ದನ ಕಾಗದ ಬರುವುದು ನಿಂತು ಆರು ತಿಂಗಳಾಗಿತ್ತು. ದೊಡ್ಡವ್ವ ಸೊಪ್ಪು ತಿಂದು ತಿಂದು ಸೊರಗಿದ್ದಳು. ಯುದ್ಧದ ಆ ಕೊನೆಯ ಮಳೆಗಾಲದಲ್ಲಿ ಒಂದು ಭಾನುವಾರ ನಾನು ಮಳವಳ್ಳಿಯಿಂದ ಊರಿಗೆ ನಡೆದು ಬರುತ್ತಿದ್ದೆ. ಹಿಂದಿನ ದಿನ ಜೋರು ಗುಡುಗಿತ್ತು. ದಾರಿಯ ಪಕ್ಕದ ಹುತ್ತದ ಮೇಲೆ, ಸುತ್ತಮುತ್ತ, ಕೊಡೆ ಬಿಚ್ಚಿದ ಅಣಬೆ! ಪಂಚೆಯಲ್ಲಿ ತುಂಬಿಕೊಂಡು ಬಂದು ದೊಡ್ಡವ್ವನ ಮುಂದೆ ಸುರಿದೆ. ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂಬ ಹಿಗ್ಗು ನನಗೆ.

ಅವಳು ಕಲ್ಲುಹೂವು, ಚಕ್ಕೆ, ಲವಂಗ ಹುರಿದು, ಕಾಯಿ ಅರೆದು, ಥೇಟ್ ಬಾಡಿನ ಮಸಾಲೆಯಲ್ಲೇ ಸಾರು ಮಾಡಿದಳು. ಎರಡು ಮುದ್ದೆ ಇಳಿಸಿದಳು. ಸೊಸೆ ಪುಟ್ಟತಾಯಿ ಬಡಿಸಿದ್ದಷ್ಟೂ ಹಾಕಿಸಿಕೊಂಡಳು. ಬೆರಳು ನೆಕ್ಕುತ್ತಿರುವಾಗ ಎದುರು ಮನೆಯ ಸಾಕವ್ವ ವಾಸನೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು.

"ಏನಕ್ಕಾ, ಬಾಡು ಮಾಡಿದ್ದೀಯ! ಸಿದ್ದ ಬಂದ್ನಾ?"

"ಬಾಡೆಲ್ಲಿ ಬಂತೇ, ಅಣಬೆ ಕಣೆ."

"ಅಯ್ಯೋ ಅಕ್ಕ, ಅಣಬೇನೂ ಬಾಡೇ ಕಣಕ್ಕ. ನಮ್ಮತ್ತೆ ಬಾಡು ತಿನ್ನದ ಸೋಮಾರ ಅಣಬೇನೂ ಮುಟ್ತಿರ್ನಿಲ್ಲ. ಬಾಡಿನ್ ಮಡಕೇಲೇ ಬೇಯಿಸ್ತಿದ್ಲು."

ದೊಡ್ಡವ್ವನ ಕೈ ಗಂಗಳದಲ್ಲೇ ನಿಂತಿತು. ಬೇಳೆಯ ಮಡಕೆ ಬೇರೆ, ಬಾಡಿನ ಮಡಕೆ ಬೇರೆ ಇಡುವ ಮನೆಗಳು ನಮ್ಮವು. ಯಾವ ಮಡಕೆಯಲ್ಲಿ ಬೇಯುತ್ತದೆ ಎನ್ನುವುದೇ ಪದಾರ್ಥದ ಜಾತಿ. ಮೂರು ವರ್ಷದಿಂದ ಬಾಡಿನ ಮಡಕೆಯನ್ನು ಅಟ್ಟಕ್ಕೇರಿಸಿದ್ದರಿಂದ ದೊಡ್ಡವ್ವ ಬೇಳೆಯ ಮಡಕೆಯಲ್ಲಿ ಬೇಯಿಸಿದ್ದಳು. ತನ್ನ ಮಡಕೆ ಸರಿಯೋ ಸಾಕವ್ವನ ಅತ್ತೆಯ ಮಡಕೆ ಸರಿಯೋ ಎಂದು ಆ ಸಂಜೆ ಊರೆಲ್ಲ ಕೇಳಿಕೊಂಡು ಬಂದಳು. ಅರ್ಧ ಊರು ಸೊಪ್ಪೆಂದಿತು, ಅರ್ಧ ಊರು ಬಾಡೆಂದಿತು.

ಆ ಗುರುವಾರವೇ ಟಪಾಲಿನಲ್ಲಿ ಮಿಲಿಟರಿಯ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ನನ್ನನ್ನು ಕರೆಸಿ ಓದಿಸಿದರು. ಸಿದ್ದನ ಲಾರಿ ಸಿಕ್ಕಿತ್ತು, ಸಿದ್ದ ಸಿಕ್ಕಿರಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಹೆಸರು ಸೇರಿಸಿದೆ ಎಂದಿತ್ತು. ಸತ್ತಿದ್ದಾನೆ ಎಂದಿರಲಿಲ್ಲ, ಬದುಕಿದ್ದಾನೆ ಎಂದೂ ಇರಲಿಲ್ಲ. ನಾನು ಮೂರು ಸಲ ಓದಿದೆ. ಮೂರು ಸಲವೂ ಅಷ್ಟೇ ಇತ್ತು.

ದೊಡ್ಡವ್ವ ಅಳಲಿಲ್ಲ. "ನಾನೇ ತಿಂದ್ಬುಟ್ಟೆ" ಎಂದಳು. ನನಗೆ ಮೊದಲು ಅರ್ಥವಾಗಲಿಲ್ಲ. "ಅಣಬೆ ಬಾಡಾಗಿದ್ರೆ ಅರಕೆ ಮುರ್ದೋಯ್ತು. ನನ್ ಮಗುನ್ನ ನಾನೇ ತಿಂದೆ ಕಣ್ಲಾ."

ಕಾಗದದ ಮೇಲಿನ ತಾರೀಖು ತೋರಿಸಿದೆ. ನೀನು ಅಣಬೆ ತಿನ್ನುವುದಕ್ಕೆ ತಿಂಗಳ ಮೊದಲೇ ಬರೆದದ್ದು ಎಂದೆ. "ಮುಂದೆ ನಾನ್ ತಿಂತೀನಿ ಅಂತ ದೇವ್ರಿಗೆ ಮೊದ್ಲೇ ಗೊತ್ತಿರಾಕಿಲ್ವಾ?" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನೀನು ಓದ್ದೋನು. ದಿಟ ಯೋಳು. ಅಣಬೆ ಸೊಪ್ಪೋ ಬಾಡೋ?" ಎಂದಳು.

ಅಣಬೆ ತಂದವನು ನಾನು. ಸೊಪ್ಪು ಎಂದೆ. "ಎಲೆ ಎಲ್ಲದೆ?" ಎಂದಳು. ಎಲೆ ಇಲ್ಲ ಎಂದೆ. "ಬೇರು?" ನಿಜವಾದ ಬೇರಿಲ್ಲ. "ಊವು, ಬೀಜ?" ಹೂವಿಲ್ಲ, ಬೀಜದಂಥದ್ದು ಏನೋ ಇದೆ, ಬೀಜವಲ್ಲ. "ಏನ್ ತಿಂದು ಬೆಳೀತದೆ?" ಕೊಳೆತದ್ದನ್ನು, ಸತ್ತದ್ದನ್ನು. ಅವಳು ನನ್ನ ಕೈ ಬಿಟ್ಟಳು. "ಸತ್ತದ್ನ ತಿನ್ನಾದು ಸೊಪ್ಪೇನ್ಲಾ?"

ಮಳವಳ್ಳಿಗೆ ಹಿಂದಿರುಗಿದವನು ನೇರವಾಗಿ ಬಸ್ಸಿನ ಷೆಡ್ಡಿಗೆ ಹೋದೆ. ಸಿದ್ದನ ಸುದ್ದಿ ಕೇಳಿ ಖಾದರ್ ಸಾಬರು ಎಣ್ಣೆಗೈಯಲ್ಲೇ ಹಣೆ ಹಿಡಿದು ಕೂತರು. ಅಣಬೆಯ ಸಂಗತಿ ಹೇಳಿದೆ. ಅವರು ಕೈಯ ಎಣ್ಣೆ ಒರೆಸಿಕೊಂಡು, "ಇದ್ರಲ್ಲೇನಿದೆ ಮೇಷ್ಟ್ರೇ. ಕತ್ತು ಕುಯ್ದು ಹಲಾಲ್ ಮಾಡೋದಾದ್ರೆ ಅದು ಬಾಡು. ಅಣಬೇಗೆ ಕತ್ತು ಎಲ್ಲಿ? ಬಾಡಲ್ಲ. ಅಮ್ಮಂಗೆ ನಾನು ಹೇಳ್ದೆ ಅಂತ ಹೇಳಿ" ಎಂದರು. ನನಗೆ ಜೀವ ಬಂದಂತಾಯಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗಿದರು: "ಮೇಷ್ಟ್ರೇ, ನಿಲ್ಲಿ. ಮೀನಿಗೆ ನಾವು ಹಲಾಲ್ ಮಾಡಲ್ಲ. ಮೀನು ಬಾಡೇ ಅಲ್ವಾ?" 

ಕೊನೆಗೆ ಮೈಸೂರಿಗೆ, ನನ್ನ ಪ್ರೊಫೆಸರಿಗೆ ಕಾಗದ ಬರೆದೆ. ಕಾರಣವನ್ನು ಮುಚ್ಚಿಡದೆ ಬರೆದೆ. ತಿಂಗಳೊಳಗೆ ಉತ್ತರ ಬಂತು. ಕನ್ನಡದಲ್ಲಿ, ದುಂಡಗೆ, ದೊಡ್ಡವ್ವನಿಗೂ ಅರ್ಥವಾಗಲಿ ಎಂಬಂತೆ ಬರೆದಿದ್ದರು. ನಾನು ಊರಿಗೆ ಹೋಗಿ ಜಗುಲಿಯ ಮೇಲೆ ಕೂತು ಓದಿದೆ. ದೊಡ್ಡವ್ವ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂತಿದ್ದಳು.

"ಅಣಬೆಗೆ ಎಲೆಯಿಲ್ಲ, ಹಸಿರಿಲ್ಲ. ಆದರೂ ಅದು ನೆಟ್ಟಲ್ಲೇ ನಿಂತು ಬೆಳೆಯುವುದರಿಂದ ನಾವು ಅದನ್ನು ಸಸ್ಯಗಳ ಸಾಲಿನಲ್ಲಿ ಕೂರಿಸಿದ್ದೇವೆ."

ಅಲ್ಲಿಗೆ ನಿಲ್ಲಿಸಿ ಕಾಗದ ಮಡಿಸಿದೆ. ದೊಡ್ಡವ್ವನ ಕಣ್ಣಿನಿಂದ ನೀರು ಇಳಿಯಿತು. ಮಿಲಿಟರಿಯ ಕಾಗದ ಬಂದಾಗ ಅಳದವಳು ಈಗ ಗೊಳೋ ಎಂದು ಅತ್ತಳು. "ಅಂಗಾರೆ ನಾನು ತಿಂದಿಲ್ಲ. ಅವ್ನೆ, ನನ್ ಮಗ ಎಲ್ಲೋ ಅವ್ನೆ" ಎಂದಳು. ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು ಕಣ್ಣಿಗೊತ್ತಿಕೊಂಡು ದೀಪದ ಗೂಡಿನಲ್ಲಿ ಇಟ್ಟಳು. ನನಗೆ ಸಮಾಧಾನವೂ ಆಯಿತು, ಒಳಗೆ ಒಂದು ಮುಳ್ಳೂ ಚುಚ್ಚಿತು.

ಯುದ್ಧ ಮುಗಿಯಿತು. ಮದ್ದೂರಿನ ಕಡೆಯಿಂದ ಹೋಗಿದ್ದ ಕೆಲವರು ಹಿಂದಕ್ಕೆ ಬಂದರು. ಸಿದ್ದನ ಪತ್ತೆಯಿಲ್ಲ. ದೊಡ್ಡವ್ವನನ್ನೂ ಅವಳ ಹರಕೆಯನ್ನೂ ನೋಡಿಕೊಳ್ಳುವ ಗಡಿಬಿಡಿಯಲ್ಲಿ, ಆ ಮನೆಯಲ್ಲಿ ಇನ್ನೊಂದು ಜೀವ ಇತ್ತೆನ್ನುವುದೇ ನಮಗೆ ಮರೆತಿತ್ತು. ಪುಟ್ಟತಾಯಿ ಬಸರಾಳಿನ ಕಡೆಯವಳು. ನಾಲ್ಕನೆಯ ತರಗತಿಯ ತನಕ ಓದಿದ್ದಳು. ಆಗ ಅವಳಿಗೆ ಇಪ್ಪತ್ತೂ ತುಂಬಿತ್ತೋ ಇಲ್ಲವೋ. ಅವಳ ಅಣ್ಣ ಎರಡು ಸಲ ಬಂದು ಹೋಗಿದ್ದ. ಗಂಡ ಸತ್ತವಳಾದರೆ ನಮ್ಮ ಕಡೆ ಕೂಡಿಕೆ ಮಾಡುತ್ತಾರೆ, ಇನ್ನೊಬ್ಬನೊಡನೆ ಸಂಸಾರ ಹೂಡಿಕೊಡುತ್ತಾರೆ. ಗಂಡ ಇದ್ದವಳಾದರೆ ಆ ಮಾತೇ ಇಲ್ಲ. ಇವಳು ಯಾವುದೂ ಅಲ್ಲ. ಬಳೆ ತೆಗೆಯುವ ಹಾಗಿಲ್ಲ, ಹೂ ಮುಡಿದರೆ ಓಣಿಯ ಹೆಂಗಸರು ತಿರುಗಿ ನೋಡುತ್ತಿದ್ದರು. ಅಣ್ಣ ದೊಡ್ಡವ್ವನ ಮುಂದೆ ಬಾಯಿ ತೆರೆಯಲಾಗದೆ ಎರಡು ಸಲವೂ ಮಜ್ಜಿಗೆ ಕುಡಿದು ಎದ್ದುಹೋಗಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಾನು ಹೋದಾಗ ಪುಟ್ಟತಾಯಿ ಕೊಟ್ಟಿಗೆಯ ಮುಂದೆ ಹುಲ್ಲು ಹಾಕುತ್ತಿದ್ದಳು. ದೊಡ್ಡವ್ವ ಒಳಗೆ ರಾಗಿ ಕೇರುತ್ತಿದ್ದಳು.

"ಮೇಷ್ಟ್ರೇ, ಆ ಕಾಗ್ದದಾಗೆ 'ಆದರೆ' ಅಂತ ಒಂದಿತ್ತು" ಎಂದಳು ಪುಟ್ಟತಾಯಿ, ತಲೆ ಎತ್ತದೆ. "ಅಲ್ಲಿಂದ ಕೆಳೀಕೆ ನೀವು ಓದ್ಲೇ ಇಲ್ಲ."

ನನ್ನ ಮುಖ ಹುಳ್ಳಗಾಯಿತು. ಗೂಡಿನಲ್ಲಿದ್ದ ಕಾಗದವನ್ನು ಅವಳು ಓದಿದ್ದಳು. ಪ್ರೊಫೆಸರು ಕೆಳಗೆ ಹೀಗೆ ಬರೆದಿದ್ದರು: ಆದರೆ ಅಣಬೆಯ ಮೈಯಲ್ಲಿ ಜೀರುಂಡೆಯ ಚಿಪ್ಪಿನಲ್ಲಿರುವ ವಸ್ತುವೇ ಇದೆ, ಗಿಡಗಳಲ್ಲಿ ಅದಿಲ್ಲ. ಗಿಡವೆಂದು ನಾನು ಪಾಠ ಮಾಡುತ್ತೇನೆ, ಗಿಡವೆಂದು ಆಣೆ ಇಡು ಎಂದರೆ ಹಿಂದೆ ಸರಿಯುತ್ತೇನೆ. ಬೇರೆ ಸಾಲು ಇಲ್ಲವಾದ್ದರಿಂದ ಅಲ್ಲಿ ಕೂರಿಸಿದ್ದೇವೆ, ಅಷ್ಟೆ.

"ದೊಡ್ಡವ್ವನ ಸಂಕಟ ನೋಡಲಾರದೆ..." ಎಂದು ತೊದಲಿದೆ.

"ನೀವು ಮಾಡಿದ್ದು ಸರೀನೇ. ಅತ್ತೆ ಉಳ್ಕಂಡ್ರು" ಎಂದಳು. ಹುಲ್ಲಿನ ಕೈ ಕೊಡವಿ ನೆಟ್ಟಗೆ ನಿಂತಳು. ಅವಳು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ಅಣಬೆ ಯಾವ ಸಾಲು ಅಂತ ಮೈಸೂರ್ಗಂಟ ಕಾಗ್ದ ಬರ್ದ್ರಿ. ನಾನು ಯಾವ ಸಾಲು ಅಂತ ಯಾರೂ ಬರೀನಿಲ್ವಲ್ಲ ಮೇಷ್ಟ್ರೇ?"

 ಒಳಗೆ ಮೊರದ ಸದ್ದು ನಿಂತಿತ್ತು. ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡಳೆಂದು ಆಗ ನನಗೆ ಹೊಳೆಯಲೇ ಇಲ್ಲ. ಮಳವಳ್ಳಿಗೆ ಬಂದು ಅದೇ ದಿನ ಮಿಲಿಟರಿ ಕಚೇರಿಗೆ ಕಾಗದ ಬರೆದೆ, ಮೊದಲೇ ಬರೆಯಬೇಕಾಗಿತ್ತಲ್ಲ ಎಂಬ ನಾಚಿಕೆಯಲ್ಲಿ. ಎರಡು ತಿಂಗಳಿಗೆ ಬಂದ ಉತ್ತರದಲ್ಲಿ ಹಳೆಯ ವಾಕ್ಯವೇ ಇತ್ತು. ಇನ್ನೂ ಕಾಣೆಯಾದವರ ಪಟ್ಟಿಯಲ್ಲೇ ಇದ್ದಾನೆ. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡು ಯುಗಾದಿಗೆ ಊರಿಗೆ ಹೋದೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಆ ದಿನ ಏನು ಮಾಡಿದರೆ ವರ್ಷವಿಡೀ ಅದೇ ನಡೆಯುತ್ತದೆಂದು ನಮ್ಮಲ್ಲಿ ನಂಬಿಕೆ, ಅದಕ್ಕಾಗಿ ಮನೆಮನೆಯಲ್ಲಿ ಬಾಡು. ಹಿಂದಿನ ಹೊಸತೊಡಕುಗಳಲ್ಲಿ ದೊಡ್ಡವ್ವ ಊರಿನ ಘಮಲು ತಾಳಲಾರದೆ ಹೊಲಕ್ಕೆ ಹೋಗಿ ಕೂರುತ್ತಿದ್ದಳು. ಆ ಸಲ ನಾನು ಬೆಳಗ್ಗೆ ಎದ್ದು ಹಿತ್ತಲಿಗೆ ಬಂದರೆ, ದೊಡ್ಡವ್ವ ಕೋಳಿಯ ಪುಕ್ಕ ಕೀಳುತ್ತ ಕೂತಿದ್ದಳು. ಅಟ್ಟದ ಮೇಲಿದ್ದ ಬಾಡಿನ ಮಡಕೆ ತೊಳೆಸಿಕೊಂಡು ಒಲೆಯ ಪಕ್ಕದಲ್ಲಿತ್ತು. ನಮಗಾಗಿ ಮಾಡುತ್ತಿದ್ದಾಳೆ ಎಂದುಕೊಂಡೆ.

ಮಧ್ಯಾಹ್ನ ನನಗೆ ಬಡಿಸಿದಳು, ಪುಟ್ಟತಾಯಿಗೆ ಬಡಿಸಿದಳು, ಆಮೇಲೆ ತನ್ನ ಗಂಗಳವನ್ನೂ ತಂದು ನಮ್ಮೆದುರಿಗೆ ಇಟ್ಟುಕೊಂಡು ಮುದ್ದೆಯ ಮೇಲೆ ಸಾರು ಸುರಿದುಕೊಂಡಳು. ಸಾರಿನಲ್ಲಿ ತುಂಡುಗಳು ತೇಲುತ್ತಿದ್ದವು.

"ಅತ್ತೆ, ಅರಕೆ!" ಎಂದು ಪುಟ್ಟತಾಯಿ ಕೈ ಚಾಚಿದಳು.

ದೊಡ್ಡವ್ವ ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದಳು. "ಅಣಬೆ ವಿಸ್ಯ ನೀನು ಅರ್ದ ಓದಿ ಅರ್ದ ನುಂಗ್ದೆ ಅಂತ ಗೊತ್ತು ಕಣ್ಲಾ. ಓಗ್ಲಿ ಬುಡು, ನನ್ ಮೇಲಿನ್ ಆಸೆಗೆ ನುಂಗ್ದೆ. ಇದು ಕೋಳಿ. ಇದ್ಕೆ ಯಾರ್ಗೂ ಕಾಗ್ದ ಬರೀಬೇಡ."

ತುತ್ತು ಮುರಿದು ಬಾಯಿಗಿಟ್ಟಳು.  ನಾನು ನೀರಿನ ಚೊಂಬು ಕೊಟ್ಟೆ. ಅವಳು ನೀರು ಕುಡಿದು ನುಂಗಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪುಟ್ಟತಾಯಿ ಗಂಗಳದ ಮೇಲೆ ಬಗ್ಗಿ ಬಿಕ್ಕುತ್ತಿದ್ದಳು.

"ಅಳ್ಬೇಡ ಮಗ, ಉಣ್ಣು. ಉಂಡು ನಿಮ್ಮಣ್ಣಂಗೆ ಯೋಳ್ಕಳ್ಸು, ಬಂದು ಕರ್ಕಂಡೋಗ್ಲಿ. ಇವತ್ತೇ ಯೋಳ್ಕಳ್ಸು" ಎಂದಳು ದೊಡ್ಡವ್ವ. "ನಾಳೀಕೆ ಅಂದ್ರೆ, ನನ್ ಮಗ ಬತ್ತನೆ ಅನ್ಸ್‌ಬುಡ್ತದೆ ನಂಗೆ."

ಅಷ್ಟು ಹೇಳಿ ಎರಡನೆಯ ತುತ್ತು ಮುರಿದಳು.